ಹಕ್ಕಿ ಜ್ವರವೂ ಹಿತ್ತಲ ಕೋಳಿಯೂ



ಪಟ್ಟಣದಲ್ಲಿ ಬೆಳೆದ ನಿಮ್ಮಲ್ಲಿ ಹಲವರಿಗೆ ಕೋಳಿ ಎಂದರೆ ಅಂಗಡಿಯ ಮುಂದಿನ ಕಬ್ಬಿಣದ ಪಂಜರದಲ್ಲಿ ಒತ್ತೊತ್ತಾಗಿ ಕುಳಿತಿರುವ ಬಿಳಿಯ ಹಕ್ಕಿ. ಹಳ್ಳಿಯಿಂದ ಬಂದವರಿಗೆ ಹಾಗಲ್ಲ. ಬೆಳಗಿನ ಜಾವ ಕೂಗುವ ಹುಂಜ, ತಿಪ್ಪೆ ಕೆದಕುತ್ತ ಮರಿಗಳನ್ನು ಕರೆಯುವ ಹೇಂಟೆ, ಹೊತ್ತು ಮುಳುಗುವ ಮೊದಲು ತಾನಾಗಿಯೇ ಬಂದು ಮಂಕರಿಯ ಹತ್ತಿರ ನಿಲ್ಲುವ ಸಂಸಾರ, ಇವೆಲ್ಲ ನಿಮ್ಮ ಕಣ್ಣ ಮುಂದೆ ಬರುತ್ತವೆ. ಈ ದಿನ ನಾನು ಮಾತನಾಡಬೇಕೆಂದಿರುವುದು ಈ ಎರಡನೆಯ ಬಗೆಯ ಕೋಳಿಯನ್ನು ಕುರಿತು. ಹಕ್ಕಿ ಜ್ವರ ಬಂದಿತೆಂದರೆ ಪತ್ರಿಕೆಗಳಲ್ಲಿ ಮೊಟ್ಟೆಯ ದರ, ಮಾಂಸದ ದರ, ಫಾರಂಗಳ ನಷ್ಟ ಇವುಗಳ ವಿಷಯ ಬರುತ್ತದೆ. ಹಿತ್ತಲಲ್ಲಿ ಐದಾರು ಕೋಳಿ ಸಾಕಿಕೊಂಡವರ ಮಾತು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಅವರೇನು ಕೈಬೆರಳೆಣಿಕೆಯ ಜನ ಎಂದುಕೊಳ್ಳಬೇಡಿ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿದ್ದ ಕೋಳಿ, ಬಾತು ಮೊದಲಾದ ಸಾಕುಹಕ್ಕಿಗಳು ಸುಮಾರು 85 ಕೋಟಿ. ಅವುಗಳಲ್ಲಿ ಹಿತ್ತಲಲ್ಲಿ ಬೆಳೆದವು ಸುಮಾರು 31.7 ಕೋಟಿ. ಹಿಂದಿನ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿಗಳ ಸಂಖ್ಯೆ ಶೇಕಡ 45ಕ್ಕೂ ಹೆಚ್ಚು ಏರಿತ್ತು. ಫಾರಂಗಳು ಇಷ್ಟು ಬೆಳೆದ ಕಾಲದಲ್ಲೂ ನಮ್ಮ ನಾಟಿ ಕೋಳಿ ಸೋತಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮೊದಲು ರೋಗದ ಪರಿಚಯವನ್ನು ಚುಟುಕಾಗಿ ಮಾಡಿಕೊಳ್ಳೋಣ. ಹಕ್ಕಿ ಜ್ವರ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1878ರಲ್ಲಿಯೇ ಇಟಲಿಯ ಪೆರೊನ್ಚಿಟೊ ಎಂಬ ವಿಜ್ಞಾನಿ ಕೋಳಿಗಳನ್ನು ಸಾರಾಸಗಟಾಗಿ ಕೊಲ್ಲುವ ಒಂದು ಮಾರಿಯನ್ನು ವಿವರಿಸಿದ್ದ. ಅದು ಇನ್‌ಫ್ಲುಯೆಂಜಾ ಕುಲದ ವೈರಾಣುವಿನ ಕೆಲಸ ಎಂದು ಗೊತ್ತಾದದ್ದು 1955ರಲ್ಲಿ. ಈ ವೈರಾಣುವಿನ ಮೈಮೇಲೆ ಮುಳ್ಳುಗಳಂತೆ ಎರಡು ಬಗೆಯ ಪ್ರೋಟೀನುಗಳಿರುತ್ತವೆ. ಹಿಮಾಗ್ಲುಟಿನಿನ್ ಎಂಬುದು ಜೀವಕೋಶದ ಬಾಗಿಲು ತೆರೆಯುವ ಕೀಲಿಕೈ. ನ್ಯೂರಾಮಿನಿಡೇಸ್ ಎಂಬುದು ಹೊಸ ವೈರಾಣುಗಳು ಕೋಶದಿಂದ ಕಳಚಿಕೊಂಡು ಹೊರಬರಲು ಬೇಕಾದ ಕತ್ತರಿ. ಎಚ್5ಎನ್1 ಎಂದು ನೀವು ಓದುವ ಹೆಸರಿನಲ್ಲಿರುವ ಎಚ್ ಮತ್ತು ಎನ್ ಇವೇ. ಕಾಡುಬಾತುಗಳ ಕರುಳಿನಲ್ಲಿ ಇಂಥ ಹಲವು ವೈರಾಣುಗಳು ಹೆಚ್ಚಿನ ಉಪದ್ರವವಿಲ್ಲದೆ ಬದುಕಿಕೊಂಡಿರುತ್ತವೆ. ಎಚ್5, ಎಚ್7 ಬಗೆಗಳು ಸಾಕುಕೋಳಿಗಳ ಗುಂಪನ್ನು ಹೊಕ್ಕಾಗ ಮಾತ್ರ ಕೆಲವು ಸಲ ರೂಪ ಬದಲಿಸಿ ಘಾತಕವಾಗುತ್ತವೆ. ಆಗ ಬೆಳಿಗ್ಗೆ ಕಾಳು ತಿಂದ ಕೋಳಿ ಸಂಜೆಗೆ ಬಿದ್ದಿರುತ್ತದೆ.

ಈಗ ಜಗತ್ತನ್ನು ಸುತ್ತುತ್ತಿರುವ ಎಚ್5ಎನ್1ರ ಮೂಲಪುರುಷನನ್ನು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಹೆಬ್ಬಾತುಗಳಲ್ಲಿ ಗುರುತಿಸಲಾಯಿತು. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಈ ರೋಗ ತಗುಲಿ 6 ಮಂದಿ ಸತ್ತರು. ಕೋಳಿಯಿಂದ ನೇರವಾಗಿ ಮನುಷ್ಯನಿಗೆ ಬಂದು ಪ್ರಾಣ ತೆಗೆದ ಆ ಘಟನೆ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಅಲ್ಲಿನ ಸರ್ಕಾರ 1997ರ ಡಿಸೆಂಬರ್ ಕೊನೆಯಲ್ಲಿ ಕೆಲವೇ ದಿನಗಳೊಳಗೆ ಊರಿನ ಕೋಳಿಗಳನ್ನೆಲ್ಲ, ಅಂದರೆ 13 ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು, ಕೊಲ್ಲಿಸಿತು. ರೋಗ ನಿಂತಿತು. ಅಂದಿನಿಂದ ಹಕ್ಕಿ ಜ್ವರಕ್ಕೆ ಮದ್ದು ಎಂದರೆ ಕೊಲ್ಲುವುದು ಎಂಬ ಮಾತು ಗಟ್ಟಿಯಾಯಿತು.

ನಾನು ಮೂವತ್ತು ವರ್ಷ ಪಶುವೈದ್ಯನಾಗಿ ಕೆಲಸ ಮಾಡಿದವನು. ಈ ಮಾತನ್ನು ಸುಳ್ಳೆಂದು ಹೇಳಲಾರೆ. ಸೋಂಕು ತಗುಲಿದ ಕೋಳಿಯ ಹಿಕ್ಕೆಯಲ್ಲಿ, ಉಸಿರಿನಲ್ಲಿ, ಕೊಕ್ಕಿನಿಂದ ಸುರಿಯುವ ಲೋಳೆಯಲ್ಲಿ ವೈರಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಚಿಕಿತ್ಸೆ ಕೊಟ್ಟು ಉಳಿಸುತ್ತೇವೆಂದು ಇಟ್ಟುಕೊಂಡರೆ ಅಕ್ಕಪಕ್ಕದ ಗುಂಪುಗಳಿಗೆ ನಾವೇ ರೋಗ ಹಂಚಿದಂತಾಗುತ್ತದೆ. ಮಲೆನಾಡಿನವರು ಕಾಡ್ಗಿಚ್ಚು ಹಬ್ಬದಂತೆ ಬೆಂಕಿ ಗೆರೆ ತೆಗೆಯುವುದನ್ನು ನೋಡಿದ್ದೀರಲ್ಲವೆ? ಉರಿಯುವುದಕ್ಕೆ ಮೊದಲೇ ಒಂದು ಪಟ್ಟಿಯ ಹುಲ್ಲನ್ನೆಲ್ಲ ತೆಗೆದುಬಿಡುತ್ತಾರೆ. ಕೋಳಿ ಕೊಲ್ಲುವ ನೀತಿಯೂ ಅದೇ. ಜೊತೆಗೆ ಮನುಷ್ಯರ ಪ್ರಶ್ನೆಯೂ ಇದೆ. 2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ತಗುಲಿ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡಿದ್ದಾರೆ. ನಮ್ಮ ದೇಶದಲ್ಲಿ 2021ರಲ್ಲಿ ಒಬ್ಬ ಬಾಲಕ ಸತ್ತದ್ದು ಮೊದಲ ಸಾವು. ವೈರಾಣು ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡುವುದನ್ನು ಇನ್ನೂ ಕಲಿತಿಲ್ಲ, ಅಷ್ಟೆ. ಕಲಿಯದಿರಲಿ ಎಂಬುದಕ್ಕಾಗಿಯೇ ಈ ಎಲ್ಲ ಕಟ್ಟುನಿಟ್ಟು.

ಇನ್ನು ನಮ್ಮ ನಿಯಮಗಳು. ಭಾರತಕ್ಕೆ ಈ ರೋಗ ಮೊದಲು ಕಾಲಿಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. ಅದು ದೊಡ್ಡ ದೊಡ್ಡ ಮೊಟ್ಟೆ ಫಾರಂಗಳ ಊರು. ಮುಂದಿನ ತಿಂಗಳು ಜಳಗಾಂವ್ ಜಿಲ್ಲೆಯಲ್ಲಿ ಕಾಣಿಸಿಕೊಂಡಾಗ ಅದು ಹಿತ್ತಲ ಕೋಳಿಗಳಿಗೆ ಬಂದಿತ್ತು. ಸತ್ತ ಹಕ್ಕಿಗಳ ಮಾದರಿಯನ್ನು ಭೋಪಾಲದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅಲ್ಲಿಂದ ಖಚಿತವಾದ ಮೇಲೆ ರೋಗ ಕಂಡ ಸ್ಥಳವನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತ ಎಳೆಯುತ್ತಾರೆ. ಆ ವೃತ್ತದೊಳಗಿನ ಕೋಳಿ, ಬಾತು, ಟರ್ಕಿ, ಗಿನಿಕೋಳಿ ಎಲ್ಲವನ್ನೂ ಕೊಂದು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಮೊಟ್ಟೆ, ಮೇವು, ಗೂಡಿನ ಹೊಟ್ಟು ಇವನ್ನೂ ಉಳಿಸುವಂತಿಲ್ಲ. ಅದರಾಚೆ 10 ಕಿಲೋಮೀಟರ್‌ವರೆಗೆ ನಿಗಾ. ಕೆಲವು ತಿಂಗಳು ಕಳೆದು, ಮತ್ತೆ ಮತ್ತೆ ಪರೀಕ್ಷೆ ಮಾಡಿ, ರೋಗವಿಲ್ಲವೆಂದು ತೀರ್ಮಾನವಾದ ಮೇಲೆ ಹೊಸ ಕೋಳಿ ತರಬಹುದು. ರೋಗ ಕಂಡರೆ ತಿಳಿಸಲೇಬೇಕೆಂದು 2009ರ ಕೇಂದ್ರ ಕಾಯ್ದೆಯೊಂದು ಸಾಕಿದವರ ಮೇಲೆ ಹೊಣೆ ಹೊರಿಸಿದೆ.

ಮೊದಲ ವರ್ಷಗಳಲ್ಲಿ ಕೊಲ್ಲುವ ವೃತ್ತದ ತ್ರಿಜ್ಯ 3 ಕಿಲೋಮೀಟರ್ ಇತ್ತು. ನಂತರ ಅದನ್ನು 1 ಕಿಲೋಮೀಟರಿಗೆ ಇಳಿಸಿದರು. ಮೂರರಿಂದ ಒಂದಕ್ಕೆ ತಾನೆ ಎನ್ನಬೇಡಿ. ನಿಮಗೆ ವೃತ್ತದ ವಿಸ್ತೀರ್ಣದ ಸೂತ್ರ ಗೊತ್ತು. 3 ಕಿ.ಮೀ. ತ್ರಿಜ್ಯದ ವೃತ್ತದೊಳಗೆ ಸುಮಾರು 28 ಚದರ ಕಿಲೋಮೀಟರ್, 1 ಕಿ.ಮೀ. ವೃತ್ತದೊಳಗೆ ಸುಮಾರು 3. ಒಂಬತ್ತು ಊರಿನ ಕೋಳಿಗಳು ಸಾಯಬೇಕಾಗಿದ್ದಲ್ಲಿ ಈಗ ಒಂದು ಊರಿನವು ಸಾಯುತ್ತವೆ. ಬಡವರ ಪಾಲಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಬದಲಾವಣೆ ಇದರಲ್ಲಿ ಇನ್ನೊಂದಿಲ್ಲ ಎಂದು ನನ್ನ ಭಾವನೆ. ಆದರೂ ಅದರ ವಿಷಯ ಯಾರೂ ಮಾತನಾಡಿದ್ದನ್ನು ನಾನು ಕೇಳಲಿಲ್ಲ.

ವೃತ್ತ ಎಳೆಯುವುದು ಕಾಗದದ ಮೇಲೆ ಸುಲಭ. ಒಳಗೆ ನಡೆದು ನೋಡಿದವರಿಗೆ ಬೇರೆಯೇ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯದಲ್ಲಿಯೇ ಒಂದು ಕಡೆ ರೋಗ ಖಚಿತವಾದಾಗ ನನ್ನನ್ನೂ ಒಂದು ತಂಡಕ್ಕೆ ಹಾಕಿದ್ದರು. ಊರಿನ ಹೆಸರು ಬೇಡ. ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪು, ಮುಖಗವಸು, ಕನ್ನಡಕ, ರಬ್ಬರ್ ಬೂಟು ತೊಟ್ಟು ನಾವು ಜೀಪಿನಿಂದ ಇಳಿದಾಗ ಮಕ್ಕಳು ನಗುತ್ತ ಹಿಂದೆ ಬಂದರು. ಹಗಲು ಹೊತ್ತಿನಲ್ಲಿ ನಾಟಿ ಕೋಳಿ ಹಿಡಿಯುವುದು ಎಷ್ಟು ಕಷ್ಟವೆಂದು ನನಗೆ ಅಂದು ಗೊತ್ತಾಯಿತು. ಫಾರಂ ಕೋಳಿ ಗೂಡಿನಲ್ಲಿ ಕೂತಿರುತ್ತದೆ, ಕೈ ಹಾಕಿದರೆ ಸಿಗುತ್ತದೆ. ನಾಟಿ ಕೋಳಿ ಬೇಲಿ ಹಾರಿ ಹೊಲಕ್ಕೆ ಓಡುತ್ತದೆ, ಹುಣಸೆಮರ ಹತ್ತಿ ಕೂರುತ್ತದೆ. ನಾವು ಮಧ್ಯಾಹ್ನದವರೆಗೆ ಬೆವರಿ ಬೇಸತ್ತು, ಕೊನೆಗೆ ಊರಿನವರ ಬುದ್ಧಿಮಾತು ಕೇಳಿ, ಸಂಜೆ ಅವು ಗೂಡು ಸೇರುವವರೆಗೆ ಕಾದೆವು. ತಮ್ಮ ಕೋಳಿಯನ್ನು ಹೇಗೆ ಹಿಡಿಯಬೇಕೆಂದು ಅವರೇ ನಮಗೆ ಹೇಳಿಕೊಡಬೇಕಾಯಿತು. ಅಷ್ಟು ಹೊತ್ತಿಗೆ ಮಕ್ಕಳ ನಗುವೂ ನಿಂತಿತ್ತು.

ಒಂದು ಮನೆಯಲ್ಲಿ ಒಬ್ಬ ಮುದುಕಿ. ನಾಲ್ಕು ಕೋಳಿ ತಂದುಕೊಟ್ಟಳು. ನಮ್ಮ ಜೊತೆಯವನು ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ, ಹಳೆಯ ಕುಕ್ಕೆಯಲ್ಲಿ ಬೂದಿ ಹುಲ್ಲು ಹಾಸಿ ಒಂದು ಹೇಂಟೆಯನ್ನು ಕಾವಿಗೆ ಕೂರಿಸಿದ್ದಾಳೆ. “ಅಜ್ಜಿ, ಇದನ್ನೂ ಕೊಡಬೇಕಲ್ಲ” ಎಂದೆ.

“ಡಾಕ್ಟ್ರಪ್ಪ, ಇದು ಹೊರಗೇ ಹೋಗಿಲ್ಲ. ಕಾವು ಕುಂತು ಹದಿನೇಳು ದಿನ ಆಯ್ತು. ಇನ್ನ ನಾಕು ದಿನ ಕಳುದ್ರೆ ಮರಿ ಒಡೀತವೆ. ಅಲ್ಲೀಗಂಟ ಬುಟ್‌ಬುಡಿ. ಆಮೇಲೆ ನಾನೇ ತಂದುಕೊಡ್ತೀನಿ” ಎಂದಳು.

ಆಕೆಯ ಮಾತಿನಲ್ಲಿ ಶಾಸ್ತ್ರವಿಲ್ಲದೆ ಇರಲಿಲ್ಲ. ಬೇರೆ ಕೋಳಿಗಳೊಡನೆ ಬೆರೆಯದ ಕೋಳಿಗೆ ಸೋಂಕು ತಗುಲುವ ಸಂಭವ ಕಡಿಮೆ ಎಂದು ಪಾಠ ಹೇಳುವವರೇ ನಾವು. ಆದರೆ ಕಾವು ಕೂತ ಕೋಳಿಯೂ ದಿನಕ್ಕೊಮ್ಮೆ ನೀರು ಕಾಳಿಗೆ ಏಳುತ್ತದೆ. ಅಂಗಳದ ಹಿಕ್ಕೆ ತುಳಿದ ಕಾಲಿನಲ್ಲೇ ಮನೆಯವರು ಅದರ ಹತ್ತಿರ ಹೋಗಿರುತ್ತಾರೆ. ಒಂದನ್ನು ಬಿಟ್ಟರೆ ಪಕ್ಕದ ಮನೆಯವರು ನಮ್ಮದೂ ಬಿಡಿ ಎನ್ನುತ್ತಾರೆ. ನಾನು ಅದನ್ನು ಎತ್ತಿಕೊಂಡೆ. ಕತ್ತು ತಿರುಚುವಾಗ ಅದರ ಹೊಟ್ಟೆ ಇನ್ನೂ ಬಿಸಿಯಾಗಿತ್ತು. ಕುಕ್ಕೆಯಲ್ಲಿ ಹನ್ನೊಂದು ಮೊಟ್ಟೆ. ಮುದುಕಿ ಅಳಲಿಲ್ಲ. “ಬರ್ಕಂಡ್ರಾ?” ಎಂದು ಮಾತ್ರ ಕೇಳಿದಳು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ದೊಡ್ಡ ಕೋಳಿಗೊಂದು ಅಂಕಣ, ಮರಿಗೊಂದು ಅಂಕಣ, ಮೊಟ್ಟೆಗೊಂದು ಅಂಕಣ ಇತ್ತು. ನಾಲ್ಕು ದಿನದಲ್ಲಿ ಮರಿಯಾಗಬೇಕಾಗಿದ್ದ ಮೊಟ್ಟೆಗೆ ಅಂಕಣ ಇರಲಿಲ್ಲ. ಮೊಟ್ಟೆ ಹನ್ನೊಂದು ಎಂದು ಬರೆದೆ.

ಪರಿಹಾರದ ಲೆಕ್ಕವನ್ನು ಈಗ ನಾವು ಒಟ್ಟಿಗೆ ಹಾಕೋಣ. ಪೆನ್ಸಿಲು ಕಾಗದ ತೆಗೆದುಕೊಳ್ಳಿ. 2006ರಲ್ಲಿ ಸರ್ಕಾರ ಕೊಟ್ಟದ್ದು ಮೊಟ್ಟೆ ಕೋಳಿಗೆ 40 ರೂಪಾಯಿ, ಮಾಂಸದ ಕೋಳಿಗೆ 30 ರೂಪಾಯಿ, ಮರಿಗೆ 10 ರೂಪಾಯಿ. ಅನಂತರ ದರ ಏರಿ, 2021ರ ಹೊತ್ತಿಗೆ ಬೆಳೆದ ಮೊಟ್ಟೆ ಕೋಳಿಗೆ 90, ಮಾಂಸದ ಕೋಳಿಗೆ 70, ಮರಿಗೆ 20, ಮೊಟ್ಟೆಗೆ 3 ರೂಪಾಯಿ ಆಗಿತ್ತು. ಈ ಹಣವನ್ನು ಕೇಂದ್ರವೂ ರಾಜ್ಯವೂ ಅರ್ಧರ್ಧ ಭರಿಸುತ್ತವೆ. ಕೇರಳದಂಥ ರಾಜ್ಯ ಬೆಳೆದ ಬಾತುವಿಗೆ 200 ರೂಪಾಯಿ ಕೊಟ್ಟದ್ದೂ ಉಂಟು. ಈ ದರಪಟ್ಟಿ ಮಾಡಿದವರ ಮನಸ್ಸಿನಲ್ಲಿದ್ದದ್ದು ಫಾರಂ ಕೋಳಿ. ಮಾಂಸದ ಕೋಳಿ ಐದಾರು ವಾರಕ್ಕೆ ಮಾರಾಟಕ್ಕೆ ಬರುತ್ತದೆ. ಸತ್ತರೆ ಮರಿ ಉತ್ಪಾದನಾ ಕೇಂದ್ರದಿಂದ ಮತ್ತೆ ಸಾವಿರ ಮರಿ ತರಬಹುದು.

ನಾಟಿ ಹೇಂಟೆಯ ಲೆಕ್ಕವೇ ಬೇರೆ. ಅದು ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ ಮೂರು ಸಲ ಎಂದಿಟ್ಟುಕೊಳ್ಳಿ, 36 ಮೊಟ್ಟೆ. ಒಂದು ಸಲದ್ದನ್ನು ಮನೆಯವರು ತಿಂದು, ಮಾರಿ ಮುಗಿಸಿದರು. ಉಳಿದ 24ನ್ನು ಕಾವಿಗೆ ಇಟ್ಟರೆ ಹದಿನೆಂಟು ಮರಿ ಆಗಬಹುದು. ಹದ್ದು, ಕಾಗೆ, ಬೆಕ್ಕು, ಮುಂಗುಸಿ, ಕೊಕ್ಕರೆ ರೋಗ ಇವಕ್ಕೆ ಹತ್ತು ಹೋಗಲಿ. ಎಂಟು ಉಳಿದವು. ನಾಲ್ಕು ಹುಂಜ, ನಾಲ್ಕು ಹೇಂಟೆ. ಹುಂಜ ಜಾತ್ರೆಯ ವೇಳೆಗೆ ಸಂತೆಯಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತದೆ. ಹೇಂಟೆಗಳು ಮುಂದಿನ ವರ್ಷದ ಬಂಡವಾಳ. ಖರ್ಚು ಎಂದರೆ ಮನೆಯ ನುಚ್ಚು, ಮಿಕ್ಕ ಮುದ್ದೆ. ಇದು ನಾನು ಅಂದಾಜಿಗೆ ಹಾಕಿದ ಲೆಕ್ಕ. ನಿಮ್ಮೂರಿನಲ್ಲಿ ವಿಚಾರಿಸಿ ಸರಿಮಾಡಿಕೊಳ್ಳಿ. ಹೇಗೆ ತಿದ್ದಿದರೂ ಒಂದು ಮಾತು ನಿಲ್ಲುತ್ತದೆ. ಆ ಹೇಂಟೆ ಒಂದು ಕೋಳಿಯಲ್ಲ, ಬಡ್ಡಿ ಬರುವ ಒಂದು ಪುಟ್ಟ ಗಂಟು. ಅದಕ್ಕೆ ತೂಕದ ಬೆಲೆ ಕಟ್ಟಿದರೆ ಅಸಲಿಗೂ ಸಾಲುವುದಿಲ್ಲ.

ಇಷ್ಟಕ್ಕೂ ಆ ಗಂಟು ಯಾರದು? ಬಹುಮಟ್ಟಿಗೆ ಮನೆಯ ಹೆಂಗಸರದು. ಹಸು ಮಾರಿದ ಹಣ ಗಂಡನ ಕೈಗೆ, ರಾಗಿ ಮಾರಿದ ಹಣ ಸಾಲದವನ ಕೈಗೆ. ಮೊಟ್ಟೆಯ ಹಣ ಅವಳ ಕೈಗೆ. ನಿಮ್ಮಲ್ಲಿ ಎಷ್ಟೋ ಮಂದಿಯ ಶಾಲೆಯ ನೋಟುಪುಸ್ತಕ, ಪರೀಕ್ಷೆಯ ಶುಲ್ಕ ಆ ಹಣದಿಂದ ಬಂದಿರಬಹುದು. ಅಮ್ಮನನ್ನು ಕೇಳಿ ನೋಡಿ. ಪರಿಹಾರ ಬರುವಾಗ ಅದು ಮನೆಯ ಯಜಮಾನನ ಹೆಸರಿಗೆ ಬರುತ್ತದೆ. ಇನ್ನು ಹೇಂಟೆಯನ್ನು ಪಾಲಿಗೆ ಕೊಡುವ ಪದ್ಧತಿ ಇರುವ ಕಡೆ, ಕೋಳಿ ಒಬ್ಬರದು, ಸಾಕಿದವರು ಇನ್ನೊಬ್ಬರು, ಮರಿ ಇಬ್ಬರದು. ಆ ಹಣ ಯಾರಿಗೆ ಸೇರಬೇಕೆಂದು ಯಾವ ಹಾಳೆಯೂ ಹೇಳುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಚೆನ್ನಾಗಿ ಗಮನಿಸಿ. ಸರ್ಕಾರ ಪರಿಹಾರ ಕೊಡುವುದು ತಂಡದವರು ಕೊಂದ ಹಕ್ಕಿಗೆ. ಅದಕ್ಕೆ ಮೊದಲೇ ರೋಗದಿಂದ ಸತ್ತದ್ದಕ್ಕೆ ಕೊಡುವುದಿಲ್ಲ. ಇದರ ಉದ್ದೇಶ ಒಳ್ಳೆಯದೇ. ಸತ್ತ ಮೇಲೆ ಹಣವಿಲ್ಲ ಎಂದರೆ ಜನ ಬೇಗ ಬಂದು ತಿಳಿಸುತ್ತಾರೆ ಎಂಬ ಲೆಕ್ಕಾಚಾರ. ಹತ್ತು ಸಾವಿರ ಕೋಳಿಗಳ ಫಾರಂನಲ್ಲಿ ಇದು ಸರಿಹೋಗುತ್ತದೆ. ಮೊದಲ ದಿನ ನೂರು ಸತ್ತರೆ ಮಿಕ್ಕವಕ್ಕಾದರೂ ಪರಿಹಾರ ಸಿಗುತ್ತದೆ. ಹಿತ್ತಲಲ್ಲಿ ಇರುವುದೇ ಆರು ಕೋಳಿ. ಮಾದರಿ ಭೋಪಾಲಕ್ಕೆ ಹೋಗಿ, ಫಲಿತಾಂಶ ಬಂದು, ತಂಡ ಜೀಪಿನಲ್ಲಿ ಬರುವ ಹೊತ್ತಿಗೆ ಆರೂ ಸತ್ತಿರುತ್ತವೆ. ಹಾಗಾಗಿ ಮೊದಲು ದೂರು ಕೊಟ್ಟವರ ಕೈಗೆ ಏನೂ ಬರುವುದಿಲ್ಲ. ಅವರು ಹೇಳಿದ್ದರಿಂದ ಊರಿನವರ ಕೋಳಿಗಳೆಲ್ಲ ಹೋದವು ಎಂಬ ಮಾತು ಮಾತ್ರ ಉಳಿಯುತ್ತದೆ. ಮುಂದಿನ ಸಲ ಅವರು ಬಾಯಿ ಬಿಡುತ್ತಾರೆಯೆ?

ಇದರ ಪರಿಣಾಮವನ್ನು ದೇಶ ಕಂಡದ್ದು 2008ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಬೀರ್‌ಭೂಮ್ ಜಿಲ್ಲೆಯ ಮಾರ್ಗ್ರಾಮ್ ಎಂಬಲ್ಲಿಯೂ ದಕ್ಷಿಣ ದಿನಾಜ್‌ಪುರದ ಬಾಲೂರ್‌ಘಾಟ್ ಕಡೆಯೂ ರೋಗ ಖಚಿತವಾಯಿತು. ನವಾಪುರದಂತೆ ಇಲ್ಲಿ ಫಾರಂಗಳ ಸಾಲಿರಲಿಲ್ಲ. ಗುಡಿಸಲಿಗೊಂದು ಗೂಡು, ಮನೆಯ ಹಿಂದೆ ಕೊಳ, ಕೊಳದಲ್ಲಿ ಬಾತು, ದಂಡೆಯಲ್ಲಿ ಕೋಳಿ. ಇಲಾಖೆಯ ತಂಡ ಬರುವ ಸುದ್ದಿ ತಿಳಿದು ಜನ ಕೋಳಿಗಳನ್ನು ಬಚ್ಚಿಟ್ಟರು. ನೆಂಟರ ಊರಿಗೆ ಸಾಗಿಸಿದರು. ಸಿಕ್ಕಿದ ಬೆಲೆಗೆ ಮಾರಿದರು. ಹಣ ಕೈಗೆ ಬರುವ ನಂಬಿಕೆ ಅವರಿಗಿರಲಿಲ್ಲ. ಆಗಿನ ಪತ್ರಿಕೆಗಳಲ್ಲಿ ಕೈಗವಸಿಲ್ಲದ ಮಕ್ಕಳು ಸತ್ತ ಕೋಳಿಗಳನ್ನು ಹಿಡಿದು ನಿಂತ ಚಿತ್ರಗಳು ಬಂದವು. ಕೆಲವೇ ವಾರಗಳಲ್ಲಿ ಆ ರಾಜ್ಯದ 19 ಜಿಲ್ಲೆಗಳಲ್ಲಿ 13ಕ್ಕೆ ರೋಗ ಹಬ್ಬಿತು. ಕೊಲ್ಲಬೇಕಾಗಿ ಬಂದ ಹಕ್ಕಿಗಳು 40 ಲಕ್ಷದ ಆಸುಪಾಸು. ವೈರಾಣುವಿಗೆ ರೆಕ್ಕೆ ಇದ್ದದ್ದು ನಿಜ. ಆದರೆ ಆ ಜನವರಿಯಲ್ಲಿ ಅದು ಬುಟ್ಟಿಯಲ್ಲಿ, ಬಸ್ಸಿನ ಸೀಟಿನ ಕೆಳಗೆ, ಸೈಕಲ್ಲಿನ ಹ್ಯಾಂಡಲಿಗೆ ತೂಗಿಕೊಂಡೂ ಹೋಯಿತು.

ಇಲ್ಲಿಂದ ನಾನು ಕಲಿತದ್ದು ಇಷ್ಟು. ಪರಿಹಾರ ಎಂಬುದು ಸಂತ್ರಸ್ತರಿಗೆ ಕೊಡುವ ದಾನ ಎಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ. ಸುಣ್ಣ, ಮುಖಗವಸು, ಕ್ರಿಮಿನಾಶಕ ಇವುಗಳ ಹಾಗೆ ಅದೂ ರೋಗ ತಡೆಯುವ ಒಂದು ಸಾಮಗ್ರಿ. ಕೋಳಿಯನ್ನು ಹಿಡಿದ ಕ್ಷಣದಲ್ಲೇ, ಸರಿಯಾದ ಬೆಲೆ, ಸಾಕಿದವರ ಕೈಗೇ ಹೋದರೆ ಬುಟ್ಟಿ ಮನೆಯಲ್ಲೇ ಉಳಿಯುತ್ತದೆ.

ಹೊರದೇಶಗಳಲ್ಲಿ ಏನು ಮಾಡಿದರು ಎಂದು ನೀವು ಕೇಳಬಹುದು. ಥಾಯ್ಲೆಂಡಿನವರು ಗದ್ದೆಯಲ್ಲಿ ಬಾತು ಮೇಯಿಸುವುದನ್ನು ಬಿಗಿಮಾಡಿದರು. ಜೂಜಿನ ಹುಂಜಕ್ಕೆ ಒಂದು ಪಾಸ್‌ಪೋರ್ಟನ್ನೇ ಕೊಟ್ಟರು. ನಗಬೇಡಿ, ಯಾವ ಹುಂಜ ಯಾವ ಊರಿನ ಕಾಳಗಕ್ಕೆ ಹೋಯಿತೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಈಜಿಪ್ಟಿನ ನಗರಗಳಲ್ಲಿ ಮನೆಯ ಮಾಳಿಗೆಯ ಮೇಲೆ ಕೋಳಿ ಸಾಕುವುದನ್ನು 2006ರಲ್ಲಿ ನಿಷೇಧಿಸಿದರು. ವಿಯೆಟ್ನಾಂ 2005ರ ಕೊನೆಯಲ್ಲಿ ಲಸಿಕೆಯ ದಾರಿ ಹಿಡಿಯಿತು. ಫ್ರಾನ್ಸ್ 2023ರಿಂದ ಬಾತುಗಳಿಗೆ ಲಸಿಕೆ ಹಾಕುತ್ತಿದೆ. ಭಾರತ ಎಚ್5ಎನ್1ಕ್ಕೆ ಲಸಿಕೆ ಹಾಕದೆ ಕೊಲ್ಲುವ ದಾರಿಯಲ್ಲೇ ನಡೆದು ಬಂದಿದೆ. ಲಸಿಕೆ ಹಾಕಿದ ಕೋಳಿ ಗಟ್ಟಿಮುಟ್ಟಾಗಿ ಕಾಣುತ್ತಲೇ ವೈರಾಣುವನ್ನು ಹೊರಹಾಕುತ್ತಿರಬಹುದು, ಆಗ ರೋಗ ಕಣ್ಣಿಗೆ ಬೀಳದೆ ಹರಡುತ್ತದೆ ಎಂಬ ಭಯ ಇದಕ್ಕೆ ಕಾರಣ. ಅಲ್ಲದೆ ಕೋಳಿಯನ್ನೋ ಮೊಟ್ಟೆಯನ್ನೋ ರಫ್ತು ಮಾಡುವಾಗ ತೊಡಕಾಗುತ್ತದೆ. ರಫ್ತಿಗೂ ನಮ್ಮ ಮುದುಕಿಯ ಹೇಂಟೆಗೂ ಯಾವ ಸಂಬಂಧ ಎಂದು ನಿಮಗನ್ನಿಸಿದರೆ ನಿಮ್ಮ ಅನ್ನಿಸಿಕೆ ತಪ್ಪಲ್ಲ.

ಹಿತ್ತಲ ಕೋಳಿಯೇ ರೋಗದ ತವರು, ಅದು ಕಾಡುಹಕ್ಕಿಯ ಜೊತೆ ಬೆರೆಯುತ್ತದೆ, ಅದನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಅರ್ಧ ನಿಜ. ಕೆರೆಯ ಬಾತು, ಸಂತೆಯ ಕೋಳಿ, ಮನೆಯ ಕೋಳಿ ಒಂದೇ ನೀರು ಕುಡಿದರೆ ಅಪಾಯ ಇದ್ದೇ ಇದೆ. ಆದರೆ ಥಾಯ್ಲೆಂಡಿನ 2004ರ ಅಂಕಿಅಂಶಗಳನ್ನು ಪರಿಶೀಲಿಸಿದ ತಜ್ಞರು ಗುಂಪಿಗೆ ಗುಂಪನ್ನು ಹೋಲಿಸಿದಾಗ, ಹಿತ್ತಲ ಗುಂಪುಗಳಿಗಿಂತ ವ್ಯಾಪಾರದ ಫಾರಂಗಳಿಗೇ ಸೋಂಕಿನ ಸಂಭವ ಹೆಚ್ಚಾಗಿ ಕಂಡಿತು. ಮೇವಿನ ಲಾರಿ, ಮೊಟ್ಟೆಯ ಟ್ರೇ, ಕೋಳಿ ಹಿಡಿಯುವ ಕೂಲಿಗಳು, ಗೊಬ್ಬರದ ಚೀಲ ಹೀಗೆ ಫಾರಂಗೆ ದಿನವೂ ನೂರು ದಾರಿಗಳಿಂದ ಹೊರಗಿನ ಸಂಪರ್ಕವಿರುತ್ತದೆ. ಅಮೆರಿಕದಲ್ಲಿ 2022ರಿಂದ ಈಚೆಗೆ 15 ಕೋಟಿಗೂ ಹೆಚ್ಚು ಹಕ್ಕಿಗಳು ಈ ರೋಗಕ್ಕೆ ಬಲಿಯಾದವು. ಅವುಗಳಲ್ಲಿ ಬಹುಪಾಲು ಫಾರಂಗಳವು. ನಮ್ಮಲ್ಲಿಯೇ ನೋಡಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಿಗೆ ರೋಗ ಬಂದಿತು. ರೈತರಿಗೆ ಹಿತ್ತಲಲ್ಲಿ ಸಾಕಲು ಮರಿ ಕೊಡುವ, ತರಬೇತಿ ಕೊಡುವ ಸಂಸ್ಥೆ ಅದು. 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ಒಂದು ಫಾರಂಗೆ ಬಂದಿತು. 2020ರಲ್ಲಿ ಮೈಸೂರಿನಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕಾಣಿಸಿಕೊಂಡಿತು. ವೈರಾಣುವಿಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಭೇದ ಇರುವುದು ಪೆಟ್ಟು ತಿಂದ ಮೇಲೆ ಏಳುವ ಶಕ್ತಿಯಲ್ಲಿ.

ಫಾರಂಗಳನ್ನು ನೋಂದಾಯಿಸಬೇಕು, ಜೈವಿಕ ಸುರಕ್ಷತೆ ಬಿಗಿಮಾಡಬೇಕು ಎಂದು 2025ರಲ್ಲಿ ಕೇಂದ್ರ ಸರ್ಕಾರ ಒತ್ತಾಯಿಸಿತು. ಅದು ಆಗಬೇಕಾದ್ದೇ. ಆದರೆ ಫಾರಂಗೆ ಬರೆದ ನಿಯಮವನ್ನು ಹಿತ್ತಲಿಗೆ ಓದಿ ಹೇಳಿದರೆ ಕೆಲಸವಾಗದು. ಬಲೆಯ ಮನೆ ಕಟ್ಟಿ, ಪಾದ ತೊಳೆಯುವ ತೊಟ್ಟಿ ಇಡಿ ಎಂದು ಆರು ಕೋಳಿ ಇರುವವಳಿಗೆ ಹೇಳುವುದು ಹಾಸ್ಯ. ಅವಳಿಂದ ಆಗುವುದನ್ನು ಹೇಳಬೇಕು. ಸಂತೆಯಿಂದ ತಂದ ಕೋಳಿಯನ್ನು ಹದಿನೈದು ದಿನ ಬೇರೆ ಮಂಕರಿಯಲ್ಲಿಡಿ. ಸಂತೆಯಲ್ಲಿ ಮಾರಾಟವಾಗದೆ ಉಳಿದದ್ದನ್ನು ಹಳೆಯ ಗುಂಪಿಗೆ ಆ ದಿನವೇ ಸೇರಿಸಬೇಡಿ. ಬಾತುವನ್ನೂ ಕೋಳಿಯನ್ನೂ ಒಂದೇ ಗೂಡಿನಲ್ಲಿ ಮುಚ್ಚಬೇಡಿ. ಕಾರಣವಿಲ್ಲದೆ ಸತ್ತ ಕೋಳಿಯನ್ನು ಅಡುಗೆಗೆ ತರಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಿಂದ ಭಯವಿಲ್ಲ. 70 ಡಿಗ್ರಿ ಸೆಲ್ಸಿಯಸ್ ಶಾಖ ಒಳಗಿನವರೆಗೆ ತಲುಪಿದರೆ ಈ ವೈರಾಣು ಉಳಿಯುವುದಿಲ್ಲ. ಅಪಾಯ ಇರುವುದು ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಹೊರಗಿನವರಿಗೆ ವಿಚಿತ್ರವಾಗಿ ಕಾಣುವಂಥದ್ದು, ಒಂದಿದೆ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸುವುದು. ನಮ್ಮ ಹಳ್ಳಿಗಳಲ್ಲಿ ಕೋಳಿಗಳು ಗುಂಪುಗುಂಪಾಗಿ ಸತ್ತರೆ ಯಾರೂ ಬೆಚ್ಚುವುದಿಲ್ಲ. ಕೊಕ್ಕರೆ ಬಂತು ಎಂದು ಎತ್ತಿ ಎಸೆಯುತ್ತಾರೆ. ಪುಸ್ತಕಗಳಲ್ಲಿ ರಾಣಿಖೇತ್ ರೋಗವೆಂದು ಕರೆಯುವ ಇದಕ್ಕೂ ಹಕ್ಕಿ ಜ್ವರಕ್ಕೂ ಹೊರನೋಟದಲ್ಲಿ ವ್ಯತ್ಯಾಸ ಹೇಳುವುದು ಪಶುವೈದ್ಯನಿಗೂ ಕಷ್ಟ. ಪ್ರತಿವರ್ಷ ಬಂದು ಹೋಗುವ ಸಾವಿನ ಮರೆಯಲ್ಲಿ ಹೊಸ ಸಾವು ಅಡಗಿಕೊಳ್ಳುತ್ತದೆ. ಊರಿನ ಕೋಳಿಗಳಿಗೆಲ್ಲ ಕೊಕ್ಕರೆ ಲಸಿಕೆ ಆಗಿದ್ದರೆ, ಕೋಳಿಗಳು ಒಟ್ಟಿಗೆ ಸತ್ತ ದಿನ ಇದೇನೋ ಬೇರೆ ಎಂದು ಯಾರಿಗಾದರೂ ಹೊಳೆಯುತ್ತದೆ, ಫೋನು ಮಾಡುತ್ತಾರೆ. ಮನೆಗೆ ನಾಲ್ಕು ಮರಿ ಹೆಚ್ಚು ಉಳಿಯುವುದು ಮೇಲಿನ ಲಾಭ.

ಇದೇಕೆ ಆಗುತ್ತಿಲ್ಲವೆಂದರೆ ಕಾರಣ ಬಹಳ ಸಣ್ಣದು. ಲಸಿಕೆ ಬರುವುದು ನೂರು, ಇನ್ನೂರು ಕೋಳಿಗಳಿಗಾಗುವಷ್ಟು ಒಂದೊಂದು ಸೀಸೆಯಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ತಂಪಿನಲ್ಲಿಡಬೇಕು. ಒಬ್ಬಳ ಆರು ಕೋಳಿಗೆ ಸೀಸೆ ಒಡೆದರೆ ಉಳಿದದ್ದು ಚರಂಡಿಗೆ. ಹಾಗಾಗಿ ಊರಿನವರೆಲ್ಲ ಒಂದೇ ಹೊತ್ತಿಗೆ ಕೋಳಿ ಹಿಡಿದಿಟ್ಟುಕೊಂಡಿರಬೇಕು. ನಿಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಯಾವುದಾದರೂ ಹಳ್ಳಿಯಲ್ಲಿ ನಡೆದರೆ ಹತ್ತಿರದ ಪಶು ಆಸ್ಪತ್ರೆಯವರನ್ನು ಕೇಳಿ, ಮನೆಮನೆಗೆ ಹೋಗಿ ಎಷ್ಟು ಕೋಳಿ ಇವೆ ಎಂದು ಪಟ್ಟಿ ಮಾಡಿಕೊಡಿ. ಆ ಪಟ್ಟಿ ನಮ್ಮಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಅಂದು ಕೊಲ್ಲಲು ಹೋದಾಗಲೂ ನಮ್ಮ ಹತ್ತಿರ ಇರಲಿಲ್ಲ.

ಆ ಮುದುಕಿಯ ಊರಿಗೆ ಏಳೆಂಟು ತಿಂಗಳ ಮೇಲೆ ಬೇರೆ ಕೆಲಸದ ಮೇಲೆ ಹೋಗಿದ್ದೆ. ಬಿಳಿಯ ಉಡುಪಿಲ್ಲದೆ ಹೋದದ್ದರಿಂದ ಆಕೆಗೆ ಮೊದಲು ಗುರುತು ಸಿಗಲಿಲ್ಲ. ಮಗಳ ಊರಿನಿಂದ ಎರಡು ಹೇಂಟೆ ತಂದಿದ್ದಳು. ಒಂದು ಆಗಲೇ ಮೊಟ್ಟೆ ಇಡಲು ಜಾಗ ಹುಡುಕುತ್ತ ಹಳೆಯ ಕುಕ್ಕೆಯ ಸುತ್ತ ಓಡಾಡುತ್ತಿತ್ತು. ಪರಿಹಾರ ಬಂದಿತೇ ಎಂದು ಕೇಳಿದೆ. ಬಂತು, ಮಗ ಇಸ್ಕೊಂಡ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವಕ್ಕೆ ಕೊಕ್ಕರೆ ಬರದಂಗೆ ಸೂಜಿ ಹಾಕ್ತೀರಂತಲ್ಲ, ಹಾಕ್ತೀರಾ?” ಎಂದಳು. ಸೀಸೆ ನೂರು ಕೋಳಿಯದು ಅಜ್ಜಿ, ಊರಲ್ಲಿ ಈಗ ಎಷ್ಟಿವೆ ಎಂದೆ. ಆಕೆ ಬೆರಳು ಮಡಿಸುತ್ತ ಮನೆಮನೆಯ ಹೆಸರು ಹೇಳಿ ಎಣಿಸತೊಡಗಿದಳು. ಮೂವತ್ತನಾಲ್ಕಕ್ಕೆ ನಿಂತಿತು. ಆಗಲಿ, ಶನಿವಾರ ಹೊತ್ತು ಮುಳುಗುವಾಗ ಬರುತ್ತೇನೆ, ಎಲ್ಲರಿಗೂ ಕೋಳಿ ಮುಚ್ಚಿಟ್ಟಿರಲು ಹೇಳು ಎಂದು ಹೇಳಿ ಬಂದೆ.